ಕೊಡೆಯ ಕಡ್ಡಿ

ಆಟಿ ತಿಂಗಳ ಗಾಳಿಮಳೆಯಲ್ಲಿ ಮಂಗಳೂರಿನ ಹಂಪನಕಟ್ಟೆಯಲ್ಲಿ ಐದು ನಿಮಿಷ ನಿಂತರೆ ಸಾಕು, ಕೊಡೆಗಳ ಯೋಗ್ಯತೆ ಗೊತ್ತಾಗುತ್ತದೆ. ಗಾಳಿ ಅಡಿಯಿಂದ ನುಗ್ಗಿತೋ, ಕೊಡೆ ಮಗುಚಿ ಆಕಾಶ ನೋಡುತ್ತದೆ. ಒಳ್ಳೆಯ ಕಡ್ಡಿಯದ್ದಾದರೆ ಒಮ್ಮೆ ಕೊಡವಿದರೆ ಸರಿಹೋಗುತ್ತದೆ. ಅಗ್ಗದ್ದಾದರೆ ಬಗ್ಗಿದ ಕಡ್ಡಿ ಬಗ್ಗಿಯೇ ಉಳಿಯುತ್ತದೆ. ಆಮೇಲೆ ಎಷ್ಟು ತೀಡಿದರೂ ಒಂದು ಮೂಲೆ ಸೊಟ್ಟವೇ.

ಬಗ್ಗಿದ್ದು ಎರಡೂ ಹೌದು. ವಾಪಸ್ ಬಂದದ್ದು ಒಂದೇ. ಸ್ಪ್ರಿಂಗ್ ಎಳೆದಷ್ಟಕ್ಕೆ ತಕ್ಕಂತೆ ಹಿಗ್ಗುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲೇ ಬರೆದ. ಆದರೆ ಅದಕ್ಕೊಂದು ಮಿತಿ ಇದೆ, ಉಕ್ಕಿಗೂ ಇದೆ. ಅದು ದಾಟಿತೋ, ಬಿಟ್ಟರೂ ಮೊದಲಿನ ಹಾಗಾಗುವುದಿಲ್ಲ.

ನಮ್ಮ ಕಡಲಿನವರಿಗೆ ಬಳುಕುವುದರ ಬೆಲೆಯನ್ನು ಹುಕ್ ಬಂದು ಹೇಳಿಕೊಡಬೇಕಿರಲಿಲ್ಲ ಅನ್ನಿ. 14ನೇ ಶತಮಾನದಲ್ಲಿ ಮಂಗಳೂರಿಗೂ ಬಂದು ಹೋದ ಮೊರೊಕ್ಕೋದ ಪ್ರವಾಸಿ ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ. ಭಾರತ, ಯೆಮೆನ್ ಕಡೆಯ ಹಡಗುಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಾರಂತೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆದುಹೋಗುತ್ತದೆ, ಹೊಲಿದದ್ದು ಸ್ವಲ್ಪ ಬಳುಕಿ ಉಳಿದುಕೊಳ್ಳುತ್ತದೆ ಎಂದು ಕಾರಣವನ್ನೂ ಕೊಟ್ಟಿದ್ದಾನೆ. ಆ ನಾರೇನು ಸುಮ್ನೆ ಬಳುಕುವುದಲ್ಲ. ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಲ್ಲಿ ಕೊಳೆಹಾಕಿ, ಬಡಿದು, ನಾರು ಬಿಡಿಸಿ, ಹುರಿಗೊಳಿಸಿದ ಮೇಲೆ ಬಂದ ಗುಣ ಅದು.

ಮನುಷ್ಯರಲ್ಲಿ ಈ ಗುಣ ನೋಡಬೇಕೆಂದರೆ ಸಿಟಿ ಬಸ್ ಹತ್ತಿ. ಕಂಡಕ್ಟರ್ ಅಜ್ಜಿಯ ಹತ್ತಿರ ತುಳು, ಪಕ್ಕದ ಸೀಟಿಗೆ ಕೊಂಕಣಿ, ಹಿಂದಿನವರಿಗೆ ಬ್ಯಾರಿ, ಕಾಲೇಜು ಮಕ್ಕಳಿಗೆ ಕನ್ನಡ. ಎಲ್ಲರ ದಾರಿಗೂ ಬರುತ್ತಾನೆ. ಚಿಲ್ಲರೆ ವಿಷಯ ಬಂದಾಗ ಮಾತ್ರ ನಾಲ್ಕು ಭಾಷೆಯಲ್ಲೂ ಒಂದೇ ಮಾತು.

ಇಂಥವರನ್ನು ಕಂಡರೆ ನನಗೆ ಚಿಂತೆಯಿಲ್ಲ. ಚಿಂತೆ ಆಗುವುದು ಎಲ್ಲದಕ್ಕೂ ಬಗ್ಗುವವರು ಮನೆಗೊಬ್ಬರಂತೆ ಇರುತ್ತಾರಲ್ಲ, ಅವರ ಬಗ್ಗೆ. ಉಡುಪಿಯಲ್ಲಿರುವ ನಮ್ಮ ಚಿಕ್ಕಮ್ಮ ಅಂಥವರು. ನೆಂಟರು ಜಾಸ್ತಿಯಾದರೆ ಚಾವಡಿಯಲ್ಲಿ ಮಲಗುವವರು ಅವರು, ಕಾರಿನಲ್ಲಿ ಜಾಗ ಸಾಲದಿದ್ದರೆ ಉಳಿಯುವವರೂ ಅವರೇ. "ಅವಳಿಗೆ ಎಲ್ಲ ಆಗ್ತದೆ ಬಿಡಿ" ಎಂದು ಹೊಗಳಿಕೆ ಬೇರೆ. ಒಂದು ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿ ನೋಡಿ. ಆ ಜಾಗ ಬಿಸಿಯಾಗುತ್ತದೆ, ಮೆತ್ತಗಾಗುವ ಬದಲು ಗಡುಸಾಗುತ್ತದೆ, ಕೊನೆಗೆ ಟಪ್ಪೆಂದು ತುಂಡಾಗುತ್ತದೆ. ಅಕ್ಕಸಾಲಿಗರಿಗೆ ಇದು ಗೊತ್ತು. ಅದಕ್ಕೇ ಚಿನ್ನದ ತಂತಿ ಎಳೆಯುವಾಗ ನಡುನಡುವೆ ಬೆಂಕಿಗೆ ಹಿಡಿದು ಮೆತ್ತಗೆ ಮಾಡಿಕೊಳ್ಳುತ್ತಾರೆ. ಚಿಕ್ಕಮ್ಮನಿಗೆ ಆ ಉಪಚಾರ ಮಾಡಿದವರು ಯಾರೂ ಇಲ್ಲ.

ಹೋದ ಕೃಷ್ಣಾಷ್ಟಮಿಗೆ ಅವರೇ ಬಾಯಿಬಿಟ್ಟರು. "ಈ ಸಲ ಉಂಡೆ, ಚಕ್ಕುಲಿ ನನ್ನಿಂದ ಆಗುವುದಿಲ್ಲ. ಬೇಕಾದರೆ ಅಂಗಡಿಯಿಂದ ತನ್ನಿ. ನಾನು ವಿಟ್ಲಪಿಂಡಿಯ ಮೊಸರುಕುಡಿಕೆ ನೋಡಲು ರಥಬೀದಿಗೆ ಹೋಗುತ್ತೇನೆ." ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಸಂಜೆ ಅವರೇ ಕೈಚೀಲ ಹಿಡಿದು ಪೇಟೆಗೆ ಹೋದರು. ಅಂಗಡಿ ಚಕ್ಕುಲಿ ತುಸು ಉಪ್ಪಾಗಿತ್ತು. ಯಾರೂ ಸೊಲ್ಲೆತ್ತಲಿಲ್ಲ, ಡಬ್ಬ ಮಾತ್ರ ಮರುದಿನಕ್ಕೇ ಖಾಲಿ.