ಭಾವನ ಗಾಡಿಗೆ ನಾಲ್ಕು ಕಾಲು

ಬೆಳಿಗ್ಗೆ ಏಳಕ್ಕೆ ಭಾವನ ಫೋನ್. "ಭಾವಾ, ಸ್ಟೆಬಿಲೈಜರ್ ಕೈಕೊಟ್ಟಿತು. ಒಂದು ಸಲ ಬಂದು ಹೋಗ್ತೀರಾ?"

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಸರಗೋಡಿನ ಮನೆಗಳಲ್ಲಿ ಅಕ್ಕನ ಗಂಡ ನನಗೆ ಭಾವ, ನಾನೂ ಅವರಿಗೆ ಭಾವ. ಇಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆಯುವುದು. ಈ ಏರ್ಪಾಡಿನಿಂದ ಮುಂದೆ ಒಂದು ಅನಾಹುತ ಆಗಲಿಕ್ಕಿದೆ, ನೆನಪಿಟ್ಟುಕೊಳ್ಳಿ.

ಬದಿಯಡ್ಕದ ಕಡೆ ಸ್ಟೆಬಿಲೈಜರ್ ಅಂದರೆ ಒಂದೇ ಅರ್ಥ. ಬೇಸಿಗೆಯಲ್ಲಿ ಎಲ್ಲರ ಅಡಿಕೆ ತೋಟದಲ್ಲೂ ಪಂಪು ತಿರುಗತೊಡಗಿದರೆ ಮನೆಯ ಬಲ್ಬು ಹಣತೆಯಾಗುತ್ತದೆ. ಆಗ ಫ್ರಿಜ್ಜಿನ ಪಕ್ಕದಲ್ಲಿ ಟಕ್ ಟಕ್ ಅನ್ನುತ್ತಾ ಕೂತಿರುವ ಡಬ್ಬವೇ ಸ್ಟೆಬಿಲೈಜರ್. ಹಾಗಾಗಿ ನಾನು ದಾರಿಯಲ್ಲಿ ವೈರಿಂಗಿನ ಹುಡುಗನನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಅವನು ಟೆಸ್ಟರ್ ಹಿಡಿದು ಜಗಲಿ ಹತ್ತಲು ಹೊರಟರೆ ಭಾವ ಹೆಗಲು ಹಿಡಿದು ಅಂಗಳದ ಕಡೆ ತಿರುಗಿಸಿದರು. ಅಲ್ಲಿ ಬಿಳಿ ಗಾಡಿಯ ಅಡಿಯಲ್ಲಿ, ಮುರಿದ ಕೊಡೆಯ ಕಡ್ಡಿಯ ಹಾಗೆ ಒಂದು ಕಬ್ಬಿಣದ ವಸ್ತು ನೇತಾಡುತ್ತಿತ್ತು. ಹುಡುಗ ಬಗ್ಗಿ ಅದಕ್ಕೂ ಟೆಸ್ಟರ್ ಮುಟ್ಟಿಸಿ ನೋಡಿದ.

"ಕರೆಂಟ್ ಬರ್ತಾ ಇಲ್ಲ," ಎಂದ. ಚಾ ಕುಡಿದು ಹೋದ.

ಭಾವ 22 ವರ್ಷ ಗಲ್ಫಿನಲ್ಲಿದ್ದವರು. ಅಲ್ಲಿ ಚಳಿಗಾಲ ಬಂದರೆ ಜನ ಕಾರಿನ ಹಿಂದೆ ಪುಟ್ಟ ಮನೆ ಕಟ್ಟಿಕೊಂಡು ಮರಳುಗಾಡಿಗೆ ಹೊರಡುವುದನ್ನು ನೋಡಿ ನೋಡಿ ಆಸೆಯಾಗಿತ್ತಂತೆ. ಊರಿಗೆ ಬಂದವರು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡಿಗೆ ಒಂದನ್ನು ಹಿಡಿದರು. 13 ಅಡಿ ಉದ್ದ, ಎರಡೇ ಚಕ್ರ, ಸುಮಾರು 800 ಕಿಲೋ. ಒಳಗೆ ಮಲಗಲು ಜಾಗ, ಒಂದು ಒಲೆ, ಒಂದು ಕಿಟಕಿ. ಬೊಲೆರೊ ಹಿಂದೆ ಸಿಕ್ಕಿಸಿ ಎಳೆಯುವುದು. ಅದರ ಖರ್ಚಿಗೆಂದೇ ಭಾವ ಬೇರೆ ಒಂದು ಲೆಕ್ಕದ ಪುಸ್ತಕ ಇಟ್ಟರು. ಎಡಗಡೆ ಖರ್ಚು, ಬಲಗಡೆ ಆದಾಯ. ಆದಾಯ ಎಲ್ಲಿಂದ ಬರುತ್ತದೆ ಎಂದು ಅಕ್ಕ ಕೇಳಿದರೆ, "ಪುಸ್ತಕ ಅಂದ ಮೇಲೆ ಎರಡು ಬದಿ ಇರ್ಲೇಬೇಕಲ್ವಾ?" ಎಂದರು.

ಮೊದಲ ಸಲ ಹೋದದ್ದು ಪೊಸಡಿ ಗುಂಪೆಯ ಬುಡಕ್ಕೆ, ಗೆಳೆಯರೊಬ್ಬರ ಗೇರು ತೋಟಕ್ಕೆ. ಬೊಲೆರೊದಿಂದ ಬಿಡಿಸಿ ಗಾಡಿಯನ್ನು ಅದರ ಪಾಡಿಗೆ ನಿಲ್ಲಿಸಿದೆವು. ಎರಡು ಚಕ್ರದ ಗಾಡಿ ಅಂದರೆ ಎತ್ತು ಬಿಚ್ಚಿದ ಎತ್ತಿನ ಗಾಡಿಯೇ ತಾನೆ? ಮೂಕಿಗೆ ಒಂದು ಊರುಗೋಲು ಕೊಟ್ಟರೆ ಬೀಳುವುದಿಲ್ಲ, ಆದರೆ ಮೇಲೆ ಹತ್ತಿ ಕೂತವನಿಗೆ ಸುಖವೂ ಇಲ್ಲ. ಇದರ ಮೂತಿಗೂ ಒಂದು ಪುಟ್ಟ ಚಕ್ರದ ಜಾಕ್ ಇತ್ತು, ಅಷ್ಟೇ. ರಾತ್ರಿ ಭಾವ ಮಗ್ಗುಲು ಬದಲಿಸಿದರೆ ನಾನು ಎದ್ದು ಕೂರುತ್ತಿದ್ದೆ. ನಾನು ಕೂತರೆ ಅಕ್ಕ ಹಲಗೆ ಹಿಡಿದುಕೊಳ್ಳುತ್ತಿದ್ದಳು. ಬೆಳಿಗ್ಗೆ ಅಕ್ಕ ಸ್ಟೀಲ್ ಲೋಟದ ತುಂಬ ಚಾ ಹಾಕಿ ಕಟ್ಟೆಯ ಮೇಲಿಟ್ಟಳು. ಭಾವ ಹಲ್ಲುಜ್ಜಲೆಂದು ಕೆಳಗೆ ಇಳಿದದ್ದೇ ತಡ, ಅರ್ಧ ಲೋಟ ಚಾ ನನ್ನ ಪಂಚೆಯ ಮೇಲಿತ್ತು. 1956ರ ನವೆಂಬರ್ 1ಕ್ಕೆ ಊರಿಗೆ ಊರೇ ಕೇರಳಕ್ಕೆ ಹೋದಾಗಲೂ ನಮ್ಮ ಅಜ್ಜ ಕೂತ ಜಗಲಿಯಿಂದ ಅಲುಗಿರಲಿಲ್ಲವಂತೆ. ಅವರ ಮೊಮ್ಮಕ್ಕಳು ಹೀಗೆ ರಾತ್ರಿಯಿಡೀ ಅಲುಗಿದೆವು.

ಈ ಕುಲುಕಾಟ ನಿಲ್ಲಿಸಲಿಕ್ಕೆ ನಾಲ್ಕು ಮೂಲೆಗೆ ನಾಲ್ಕು ಜಾಕ್ ಹಾಕುತ್ತಾರೆ, ಅದಕ್ಕೇ ಸ್ಟೆಬಿಲೈಜರ್ ಜಾಕ್ ಅನ್ನುವುದು ಎಂದು ಭಾವನಿಗೆ ಮೊಬೈಲು ಹೇಳಿತು. ತರಿಸಿದರು. ಕಾರಿನ ಡಿಕ್ಕಿಯಲ್ಲಿರುವ ಕತ್ತರಿ ಜಾಕಿನ ಅಣ್ಣತಮ್ಮಂದಿರು. ನಡುವೆ ಮರೆಯ, ಅಂದರೆ ಸ್ಕ್ರೂವಿನ ಹಾಗೆ ಸುರುಳಿ ಹಲ್ಲಿನ, ರಾಡು. ಹ್ಯಾಂಡಲ್ ಹಾಕಿ ತಿರುಗಿಸಿದರೆ ಕತ್ತರಿ ಬಿಚ್ಚಿ ಪಾದ ನೆಲಕ್ಕೆ ಇಳಿಯುತ್ತದೆ. ನನಗೆ ಹೇಳದೆ ಕೇಳದೆ ಅವರೇ ಗಾಡಿಯ ಅಡಿಗೆ ನುಗ್ಗಿ, ನೆಲದ ಪ್ಲೈವುಡ್‌ಗೆ ಮರದ ಸ್ಕ್ರೂ ಹೊಡೆದು ನಾಲ್ಕನ್ನೂ ಕೂರಿಸಿದ್ದರು. ಮುಳ್ಳೇರಿಯಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ಸ್ಕ್ರೂ ಕಿತ್ತು ಬಂತು. ಟೆಸ್ಟರ್ ಹುಡುಗ ನೋಡಿದ್ದು ಅದನ್ನೇ.

ಗಾಡಿಯನ್ನು ವೆಲ್ಡಿಂಗ್ ಅಂಗಡಿಗೆ ಎಳೆದುಕೊಂಡು ಹೋದೆವು. ಅಂಗಡಿಯವ ಅಡಿಗೆ ಮಲಗಿ, ಪ್ಲೈವುಡ್ಡನ್ನು ಬೆರಳಲ್ಲಿ ಕುಟ್ಟಿ, "ಇದು ಗಾಡಿಯ ಚರ್ಮ. ಎಲುಬಿಗೆ ಕೊಡ್ಬೇಕು," ಎಂದ. ಎಲುಬು ಅಂದರೆ ಚಾಸಿ. ಈ ಮಾತು ನನಗೆ ಬಹಳ ಹಿಡಿಸಿತು. ಭಾವನಿಗೆ ಜಾಕುಗಳು ತೀರಾ ತುದಿಯಲ್ಲಿ ಇರಬೇಕೆಂದು ಆಸೆ, ನೋಡಲು ಚಂದವಂತೆ. "ನಿಮ್ಮ ಮನೆಯ ಏರಿನಲ್ಲಿ ಹಿಂದಿನ ತುದಿ ನೆಲಕ್ಕೆ ತಾಗ್ತದೆ, ಸ್ವಲ್ಪ ಒಳಗೆ ಹಾಕುವ," ಎಂದು ಅವನು ಅದಕ್ಕೂ ಕಲ್ಲು ಹಾಕಿದ.

ಬ್ಯಾಟರಿ ವೈರು ಬಿಚ್ಚಿ, ಕನ್ನಡಕ ಹಾಕಿ ವೆಲ್ಡಿಂಗ್ ಶುರು ಮಾಡಿದ. ಒಂದು ಪಟ್ಟಿ ಮುಗಿಯಿತು. ಎರಡನೆಯದಕ್ಕೆ ಕಿಡಿ ಹಾರುವಾಗ ಅಕ್ಕ ಮೂಗು ಅರಳಿಸಿದಳು. "ಯಾರೋ ಹಪ್ಪಳ ಸುಡ್ತಾ ಇದ್ದಾರೆ."

ಸುಡುತ್ತಿದ್ದವರು ನಾವೇ. ಚಾಸಿಯ ಮೇಲೇ ಪ್ಲೈವುಡ್, ಪ್ಲೈವುಡ್ಡಿನ ಮೇಲೇ ಅಕ್ಕ ಇಟ್ಟಿದ್ದ ಹಲಸಿನ ಹಪ್ಪಳದ ಕಟ್ಟು. ನೀರು ಹೊಯ್ದು ಆರಿಸಿದೆವು. ನೆಲದಲ್ಲಿ ಅಂಗೈಯಗಲ ಕಪ್ಪು ಕಲೆ ಈಗಲೂ ಇದೆ. ಅಂಗಡಿಯವ "ಸಾರಮಿಲ್ಲ", ಅಂದರೆ ಪರವಾಗಿಲ್ಲ, ಎಂದು ಮಲಯಾಳದಲ್ಲಿ ಸಮಾಧಾನ ಹೇಳಿದ. ಹಪ್ಪಳದ ವಿಷಯದಲ್ಲಿ ಅಕ್ಕನ ಎದುರು ಹೇಳುವ ಮಾತಲ್ಲ ಅದು. ಆಮೇಲೆ ವೆಲ್ಡಿಂಗಿನ ಸಹವಾಸವೇ ಬೇಡವೆಂದು ಚಾಸಿಯನ್ನು ಮೇಲೊಂದು ಕೆಳಗೊಂದು ದಪ್ಪ ಪಟ್ಟಿಯ ನಡುವೆ ಬೋಲ್ಟಿನಿಂದ ಕಚ್ಚಿಸಿ, ಅದಕ್ಕೆ ಜಾಕ್ ಕೂರಿಸಿದ. ಮುಂದೆ ಹಾಳಾದರೆ ಸ್ಪ್ಯಾನರಿನಲ್ಲೇ ಬಿಚ್ಚಬಹುದು. ಮುಂದೆ ಹಾಳಾಗುತ್ತದೆ ಎಂದು ಅವನಿಗೆ ನಮ್ಮನ್ನು ನೋಡಿಯೇ ಗೊತ್ತಾಗಿರಬೇಕು.

ಎರಡನೆಯ ಸಲ ಬೇಕಲದ ಹತ್ತಿರ, ಸಂಬಂಧಿಕರ ತೆಂಗಿನ ತೋಟ. ರಸ್ತೆಯ ಬದಿಗೇ ಜಾಗ. ನೆಲ ಸ್ವಲ್ಪ ಎಡಕ್ಕೆ ವಾಲಿತ್ತು. ಭಾವ ಲೆಕ್ಕ ಹಾಕಿದರು. "ಜಾಕಿನ ಡಬ್ಬದ ಮೇಲೆ ತಲಾ ಎರಡು ಟನ್ ಅಂತ ಬರ್ದಿದೆ. ನಾಲ್ಕಕ್ಕೆ ಎಂಟು ಟನ್. ಗಾಡಿ ಒಂದು ಟನ್ನೂ ಇಲ್ಲ. ಆನೆಗೆ ಆಡಿನ ಮರಿ ಎತ್ತಲು ಕಷ್ಟವಾ ಭಾವಾ?"

ನಾನು ಮೇಷ್ಟ್ರು. ಲೆಕ್ಕ ಸರಿ ಇದ್ದರೆ ಒಪ್ಪಿಕೊಳ್ಳುವ ಕೆಟ್ಟ ಅಭ್ಯಾಸ. ಹ್ಯಾಂಡಲ್ ತಿರುಗಿಸಿದೆ. ಎಡ ಹಿಂಬದಿಯ ಪಾದ ಮರಳಿನಲ್ಲಿ ಇಳಿಯಿತು, ಇನ್ನಷ್ಟು ತಿರುಗಿಸಿದೆ, ಇನ್ನಷ್ಟು ಇಳಿಯಿತು. ಆಚೆ ಭಾವ ಬಲ ಮುಂಬದಿಯನ್ನು ಎತ್ತುತ್ತಲೇ ಇದ್ದರು. ಒಳಗೆ ಅಕ್ಕ ದೋಸೆ ಹೊಯ್ಯುತ್ತಿದ್ದಳು. ಎಲ್ಲೋ ಕಟ್ ಎಂದು ಸದ್ದಾಯಿತು. ಆಮೇಲೆ ಬಾಗಿಲು ತೆರೆಯಲಿಲ್ಲ.

ಈ ಜಾಕುಗಳು ಗಾಡಿ ಎತ್ತಲಿಕ್ಕೆ ಇರುವುದೇ ಅಲ್ಲ. ಭಾರ ಚಕ್ರದ ಮೇಲೆ ಮತ್ತು ಮೂತಿಯ ಮೇಲೆ ಇರಬೇಕು. ಮೂಲೆ ಹಿಡಿದು ಎತ್ತಿದರೆ ಚಾಸಿ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚುತ್ತದೆ. ಕೂದಲೆಳೆ ತಿರುಚಿದರೂ ಸಾಕು, ಚೌಕದ ಬಾಗಿಲು ಓರೆ ಚೌಕದಲ್ಲಿ ಸಿಕ್ಕಿಕೊಳ್ಳುತ್ತದೆ. ಇದು ಡಬ್ಬದೊಳಗಿನ ಕಾಗದದಲ್ಲಿ ಎರಡನೆಯ ಸಾಲಿನಲ್ಲೇ ಇತ್ತು. ಕಾಗದವನ್ನು ಭಾವ ಜಾಕಿನ ಪಾದದ ಅಡಿಗೆ ಇಟ್ಟಿದ್ದರು.

ಒಳಗೆ ಸಿಕ್ಕಿಬಿದ್ದ ಅಕ್ಕ ಗಾಬರಿಯಾಗಲಿಲ್ಲ. ಹಿಟ್ಟು ಉಳಿದಿದೆಯಲ್ಲ ಎಂದು ದೋಸೆ ಹೊಯ್ಯುತ್ತಾ ಕಿಟಕಿಯಿಂದ ನಮಗೆ ಕೊಟ್ಟಳು. ರಸ್ತೆಯಲ್ಲಿ ಹೋಗುವವರಿಗೆ ಕಂಡದ್ದು ಇಷ್ಟು: ಬಿಳಿ ಗಾಡಿ, ಕಿಟಕಿಯಿಂದ ಒಬ್ಬ ಹೆಂಗಸು ದೋಸೆ ಕೊಡುತ್ತಿದ್ದಾಳೆ, ಇಬ್ಬರು ಗಂಡಸರು ನಿಂತು ತಿನ್ನುತ್ತಿದ್ದಾರೆ. ಒಂದು ಬೈಕು ನಿಂತಿತು. ಆಮೇಲೆ ಒಂದು ಆಟೋ. "ಚಾಯ ಉಂಡೋ?" ಎಂದು ಕೇಳಿದರು, ಚಾ ಇದೆಯಾ ಅಂತ. ಇದು ತಟ್ಟುಕಡ, ಅಂದರೆ ರಸ್ತೆಬದಿಯ ಚಾದಂಗಡಿ, ಅಲ್ಲ, ಮನೆ ಎಂದು ನನ್ನ ಹರಕು ಮಲಯಾಳದಲ್ಲಿ ಹೇಳಿದೆ. ಆಟೋದವನು ನನ್ನನ್ನೂ ಭಾವನನ್ನೂ ನೋಡಿ, "ಹಾಗಾದರೆ ನೀವ್ಯಾಕೆ ಹೊರಗೆ?" ಎಂದು ಕನ್ನಡದಲ್ಲೇ ಕೇಳಿದ.

ಜಾಕುಗಳನ್ನು ಸಡಿಲ ಬಿಟ್ಟ ಮೇಲೆ ಬಾಗಿಲು ತಾನಾಗಿ ತೆರೆಯಿತು.

ಇನ್ನು ಆ ಅನಾಹುತ. ಕುಂಬಳೆ ಕಡೆ ದೊಡ್ಡ ಮಾವನ ಮನೆಯಲ್ಲಿ ಉಪನಯನ. ನೆಂಟರು ಜಾಸ್ತಿ, ಮಲಗಲು ಜಾಗ ಕಮ್ಮಿ ಎಂದು ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ್ದೆವು. ಸೆಗಣಿ ಸಾರಿಸಿದ ಹೊಸ ಅಂಗಳ, ಒಂದು ಬದಿಗೆ ಒಣಗಲು ಹಾಕಿದ ಅಡಿಕೆ. ಹೊರಡುವಾಗ ಅಕ್ಕ ಕೇಳಿದಳು, "ಜಾಕ್ ಯಾರು ಎತ್ತಿದ್ದು?"

"ಭಾವ," ಎಂದೆ ನಾನು.

"ಭಾವ," ಎಂದರು ಭಾವ.

ಅಕ್ಕನಿಗೆ ಇಬ್ಬರೂ ಒಂದೇ ಹೆಸರು ಹೇಳಿದ ಹಾಗೆ ಕೇಳಿಸಿತು. ಸಾಕ್ಷಿ ಗಟ್ಟಿಯಾಯಿತೆಂದು ಬೊಲೆರೊ ಹತ್ತಿದಳು. ಮುಂದಿನ ಎರಡನ್ನು ಎತ್ತಿದ್ದೆವು, ಹಿಂದಿನ ಎರಡು ನೆಲದಲ್ಲೇ ಇದ್ದವು. ಗಾಡಿ ಹೊರಟಿತು. ಅಡಿಕೆಯ ನಡುವೆ ಹಾದು, ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಎರಡು ನೇರ ಗೆರೆ. ಜಗಲಿಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ದೊಡ್ಡ ಮಾವ ಎದ್ದು ಬಂದು ಗೆರೆಯ ಆಳ ನೋಡಿದರು. "ಉತ್ತಾಯಿತಲ್ಲ. ಬಿತ್ತಿದರೆ ಸೈ," ಎಂದರು.

ಒಂದು ಜಾಕಿನ ಮರೆಯ ರಾಡು ಬಾಳೆಕಾಯಿಯ ಹಾಗೆ ಬಾಗಿತ್ತು. ಅಂಗಡಿಯವ ಅಡಿಗಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದ. ರಾಡು ನೆಟ್ಟಗಾಯಿತು, ಮರೆ ಆಗಲಿಲ್ಲ. ಅರ್ಧಕ್ಕೆ ಬಂದಾಗ ನಟ್ಟು ಕಚ್ಚಿ ನಿಂತುಬಿಡುತ್ತಿತ್ತು. ಅದು ಸಾಮಾನ್ಯ ಬೋಲ್ಟಿನ ಚೂಪು ಮರೆ ಅಲ್ಲ, ಭಾರಕ್ಕೆಂದು ಮಾಡಿದ ಅಗಲ ಹಲ್ಲಿನ ಮರೆ. ಹಾರ್ಡ್‌ವೇರ್ ಅಂಗಡಿಯ ಯಾವ ನಟ್ಟೂ ಕೂರಲಿಲ್ಲ. ಕೊನೆಗೆ ಮಂಗಳೂರಿನ ಗುಜರಿಯಲ್ಲಿ ಹಳೆ ಕಾರೊಂದರ ಜಾಕ್ ಸಿಕ್ಕಿತು. ಪಟ್ಟಿಗೆ ಹೊಸ ತೂತು ಹೊಡೆದು ಅದನ್ನೇ ಕೂರಿಸಿದೆವು. ಮೂರು ಜಾಕಿಗೆ ಒಂದು ಹ್ಯಾಂಡಲ್, ಇದಕ್ಕೆ ಬೇರೆ ಕೊಕ್ಕೆ. ಯಾವುದು ಬೇಕೋ ಅದು ಕೈಗೆ ಸಿಗುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲವಲ್ಲ.

ಮಳೆಗಾಲದಲ್ಲಿ ತುಕ್ಕು ಹಿಡಿಯದಿರಲೆಂದು ಭಾವ ನಾಲ್ಕಕ್ಕೂ ಕೈತುಂಬ ಗ್ರೀಸ್ ಮೆತ್ತಿದರು. ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆ, ಹೆದರಿಕೆ ಸಹಜ. ಆದರೆ ಗ್ರೀಸಿಗೆ ಧೂಳು ಅಂದರೆ ಪ್ರಾಣ. ಬೇಸಿಗೆ ಬರುವಾಗ ರಾಡುಗಳೆಲ್ಲ ಎಳ್ಳುಂಡೆ ಸರದ ಹಾಗೆ ಕಾಣುತ್ತಿದ್ದವು, ತಿರುಗಿಸಿದರೆ ಕರಕರ. ನಾನು ಒಂದು ಭಾನುವಾರ ಗೋಣಿ ಹಾಸಿ ಅಡಿಯಲ್ಲಿ ಮಲಗಿ, ಚಿಮಿಣಿ ಎಣ್ಣೆ ಮತ್ತು ತಂತಿ ಬ್ರಷ್ಷಿನಿಂದ ಉಜ್ಜಿದೆ. ಕಣ್ಣಿಗೆ ಬಿದ್ದದ್ದರಲ್ಲಿ ಬೇಕಲದ ಮರಳು ಎಷ್ಟು, ಕುಂಬಳೆಯ ಸೆಗಣಿ ಎಷ್ಟು ಎಂದು ಲೆಕ್ಕ ಇಟ್ಟಿಲ್ಲ. ಈಗ ಅಂಟದ ಒಣ ಸ್ಪ್ರೇ ಹೊಡೆಯುತ್ತೇವೆ. ಬೆರಳಲ್ಲಿ ತಿರುಗಿಸಿದರೂ ತಿರುಗುತ್ತದೆ.

ಕಳೆದ ಜನವರಿಯಲ್ಲಿ ಮತ್ತೆ ಬೇಕಲಕ್ಕೆ ಹೋದೆವು, ಅದೇ ತೆಂಗಿನ ತೋಟಕ್ಕೆ. ಈ ಸಲ ಯಜಮಾನಿಕೆ ಅಕ್ಕನದು. ಗಾಡಿಯ ಒಳಗೆ ರಸಮಟ್ಟ ಇಟ್ಟು ಅವಳು ಕಿಟಕಿಯಿಂದ ಕೂಗುವುದು, ನಾವು ಮಾಡುವುದು. ಮೊದಲು ತಗ್ಗಿದ್ದ ಬದಿಯ ಚಕ್ರವನ್ನು ಹಲಸಿನ ಹಲಗೆಯ ಮೇಲೆ ಹತ್ತಿಸಿದೆವು. ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟೆವು. ಬೊಲೆರೊ ಬಿಚ್ಚಿ, ಮೂತಿಯ ಜಾಕಿನಿಂದ ಹಿಂದುಮುಂದು ಸಮ ಮಾಡಿದೆವು. ಅಷ್ಟಾದ ಮೇಲೆ ನಾಲ್ಕು ಪಾದದ ಅಡಿಗೂ ತುಂಡು ಹಲಗೆ ಇಟ್ಟು, ಒಂದೊಂದನ್ನೇ ಇಳಿಸಿ, ತಾಗಿದ ಮೇಲೆ ಅರ್ಧ ಸುತ್ತು ಮಾತ್ರ. ಭಾವನ ಕೈ ಇನ್ನೊಂದು ಸುತ್ತಿಗೆ ತುರಿಸುತ್ತಿತ್ತು. ಅಕ್ಕ ಒಳಗಿಂದ ಸೌಟಿನಲ್ಲಿ ನೆಲಕ್ಕೆ ಎರಡು ಬಡಿದಳು. ನಿಲ್ಲಿಸಿದರು. ಹ್ಯಾಂಡಲನ್ನು ಬೊಲೆರೊದ ಕೀಲಿಗೆ ಕಟ್ಟಿ ಅವಳೇ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಜಾಕ್ ಎತ್ತದೆ ಕೀಲಿ ಸಿಗುವುದಿಲ್ಲ.

ಸಂಜೆ ಮೂವರೂ ಒಳಗೆ ಕೂತೆವು. ದೂರದಲ್ಲಿ ಬೇಕಲ ಕೋಟೆ. ಮುರಕಲ್ಲಿನದು, 1650ರ ಸುಮಾರಿಗೆ ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಅಕ್ಕ ಲೋಟದ ಕಂಠದವರೆಗೆ ಚಾ ಹೊಯ್ದು ಕಟ್ಟೆಯ ಮೇಲಿಟ್ಟಳು. ಭಾವ ಎದ್ದರು, ಕೂತರು, ಮತ್ತೆ ಎದ್ದು ಬೇಕೆಂದೇ ಕೆಳಗೆ ಇಳಿದರು. ಚಾದ ಮೇಲಿನ ಕೆನೆ ಕೂಡ ಸುಕ್ಕಾಗಲಿಲ್ಲ.

ಅಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದು. "ಚೇಚೀ, ಚಾಯ ಉಂಡೋ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಆ ಲೋಟವನ್ನೇ ಕಿಟಕಿಯಿಂದ ಚಾಚಿದಳು. ಹುಡುಗ ನಿಂತೇ ಕುಡಿದ, ಲೋಟ ತೊಳೆದು ಕೊಟ್ಟ, ಬೇಡ ಬೇಡ ಅಂದರೂ 12 ರೂಪಾಯಿ ಕಿಟಕಿಯಲ್ಲಿಟ್ಟು ಹೋದ. ಭಾವ ಲೆಕ್ಕದ ಪುಸ್ತಕ ತೆಗೆದು, ಬಲಗಡೆಯ ಖಾಲಿ ಪುಟವನ್ನು ಅಂಗೈಯಲ್ಲಿ ಒರೆಸಿ, ತಾರೀಕು ಬರೆಯತೊಡಗಿದರು.