ವಾರಕ್ಕೆ ಮೂರು ಪರೀಕ್ಷೆ ಯಾಕೆ?

ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್‌ನ ಅಭ್ಯಾಸದಲ್ಲಿ ಅಂಕ ಏರಬೇಕಾದರೆ ವಾರಕ್ಕೆ ಮೂರು ಪೂರ್ಣ ಪರೀಕ್ಷೆ ಬರೆಯಿರಿ ಎಂದಿದ್ದೀರಿ. ಒಪ್ಪುವುದು ಕಷ್ಟ ಸ್ವಾಮಿ. ದಿನಾ ತಕ್ಕಡಿ ಹತ್ತಿದರೆ ತೂಕ ಇಳಿಯುತ್ತದೆಯೇ? ಬರೆದು ಮುಗಿಸಿದ ಮೇಲೆ, ಸರಿಯುತ್ತರ ನೋಡುವ ಮೊದಲೇ, ಅನುಮಾನ ಬಂದ ಪ್ರಶ್ನೆಗಳನ್ನೆಲ್ಲ ಗಡಿಯಾರ ಬದಿಗಿಟ್ಟು ಮತ್ತೆ ಬಿಡಿಸಬೇಕು. ಈ ಸಲ ಸರಿಯಾದರೆ ತೊಂದರೆ ವೇಗದ್ದು. ಆಗಲೂ ತಪ್ಪಿದರೆ ತರ್ಕದ್ದು. ಎರಡಕ್ಕೂ ಮದ್ದು ಬೇರೆ ಬೇರೆ. ತಪ್ಪು ಆಯ್ಕೆ ಯಾಕೆ ಸರಿ ಅನ್ನಿಸಿತು ಅಂತ ಒಂದು ಸಾಲು ಬರೆದಿಡಿ. 'ಕೆಲವರು' ಅಂತಿದ್ದದ್ದನ್ನು 'ಬಹುತೇಕರು' ಎಂದು ಓದಿಕೊಂಡದ್ದು, ವಾದಕ್ಕೆ ಅನಿವಾರ್ಯವಾದ ಊಹೆ ಕೇಳಿದರೆ ವಾದವನ್ನು ಸಾಬೀತು ಮಾಡುವ ಊಹೆ ಆರಿಸಿದ್ದು, ಇಂಥವೇ ಮತ್ತೆ ಮತ್ತೆ ಕಾಣುತ್ತವೆ.

ಅಂದಹಾಗೆ, 2024ರ ಆಗಸ್ಟ್‌ನಿಂದ ಎಲ್‌ಸ್ಯಾಟ್‌ನಲ್ಲಿ ಲಾಜಿಕ್ ಗೇಮ್ಸ್ (ನಿಯಮಗಳನ್ನು ಕೊಟ್ಟು ಜೋಡಣೆ ಕೇಳುವ ಒಗಟುಗಳು) ಇಲ್ಲ. ಹಳೆಯ ಪುಸ್ತಕ ಹಿಡಿದವರು ಆ ಭಾಗ ಬಿಟ್ಟುಬಿಡಿ. ಈಗ ಅಂಕಕ್ಕೆ ಲೆಕ್ಕವಾಗುವುದು ಲಾಜಿಕಲ್ ರೀಸನಿಂಗ್‌ನ (ಚಿಕ್ಕ ವಾದಗಳನ್ನು ಅಳೆಯುವ ಪ್ರಶ್ನೆಗಳು) ಎರಡು ವಿಭಾಗ, ರೀಡಿಂಗ್ ಕಾಂಪ್ರಹೆನ್ಶನ್‌ನ (ಉದ್ದ ಬರಹ ಓದಿ ಉತ್ತರಿಸುವುದು) ಒಂದು, ತಲಾ 35 ನಿಮಿಷ. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. 120ರಿಂದ 180ರ ಅಳತೆಯಲ್ಲಿ ಎರಡು ಮೂರು ಅಂಕ ಆಚೀಚೆಯಾದರೆ ಗಾಬರಿಯೂ ಬೇಡ, ಈಚಿನ ಕೆಲವು ಪರೀಕ್ಷೆಗಳ ಸರಾಸರಿ ನೋಡಿಕೊಳ್ಳಿ.