ಪಟಾಪಟಿ ಚಡ್ಡಿಯ ಜೇಬು

ನಮ್ಮಪ್ಪನ ಬ್ಯಾಂಕು ಇರುವುದು ಅವರ ಪಂಚೆಯ ಒಳಗೆ. ಪಟಾಪಟಿ ಚಡ್ಡಿಗೆ ಬಲಗಡೆ ಒಂದು ಜೇಬು. ಜೇಬಿನಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ನಾಲ್ಕಾಗಿ ಮಡಿಸಿದ ನೋಟು, ನೋಟಿಗೊಂದು ರಬ್ಬರ್ ಬ್ಯಾಂಡು. ದುಡ್ಡು ಬೇಕೆಂದರೆ ಅಂಗಡಿಯವರಿಗೆ ಬೆನ್ನು ಹಾಕಿ, ಪಂಚೆ ಸ್ವಲ್ಪ ಎತ್ತಿ, ಕೈ ಒಳಗೆ ಬಿಡಬೇಕು. ಎಪ್ಪತ್ತಾರು ವರ್ಷದ ಮನುಷ್ಯ ಗಾಂಧಿ ಬಜಾರಿನ ನಡುವೆ ಹೀಗೆ ನಿಂತರೆ ಪಕ್ಕದಲ್ಲಿರುವ ಮಗನ ಗತಿ ಏನಾಗಬೇಕು ಹೇಳಿ. ನಾನಂತೂ ಅಷ್ಟು ಹೊತ್ತು ಸೀಬೆಹಣ್ಣಿನ ರಾಶಿಯನ್ನೇ ನೋಡುತ್ತಿರುತ್ತೇನೆ.

ನಾನು ಫೋನಿನ ಪಾರ್ಟಿ. ಪರ್ಸ್ ಬಿಟ್ಟು ಐದು ವರ್ಷವಾಯಿತು. ಯುಪಿಐ ಶುರುವಾದದ್ದು 2016ರಲ್ಲಿ. ಅದೇ ವರ್ಷ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾಗಿ, ಮುಂದಿನ ವಾರ ಅಪ್ಪನೂ ನಾನೂ ಒಂದೇ ಕ್ಯೂನಲ್ಲಿ ನಿಂತಿದ್ದೆವು. ಆಗಲೇ ಜನ ಫೋನಿಗೆ ಬದಲಾದರು ಅನ್ನುವವರಿದ್ದಾರೆ. ನನ್ನ ಮಟ್ಟಿಗೆ ಅದು ಸುಳ್ಳು. ನನ್ನನ್ನು ಬದಲಾಯಿಸಿದ್ದು ಚಿಲ್ಲರೆ.

ಬಸ್ಸಿನ ಕಂಡಕ್ಟರು ಟಿಕೆಟ್ಟಿನ ಹಿಂದೆ ‘85’ ಅಂತ ಗೀಚಿ, ‘ಇಳಿಯುವಾಗ ಇಸ್ಕೊಳ್ಳಿ’ ಅನ್ನುತ್ತಿದ್ದರಲ್ಲ? ಇಳಿಯುವಾಗ ಮರೆತು, ಬಸ್ಸು ಹೊಗೆ ಬಿಟ್ಟು ಹೋದ ಮೇಲೆ ನೆನಪಾಗಿ, ಆ ಚೀಟಿಯನ್ನು ಮಿಕಿಮಿಕಿ ನೋಡಿದ್ದು ಎಷ್ಟು ಸಲವೋ! ಎಲ್ಲ ಕೂಡಿಸಿದ್ದರೆ ಮನೆಗೊಂದು ಮಿಕ್ಸಿ ಬರುತ್ತಿತ್ತು. ಕಿರಾಣಿ ಅಂಗಡಿಯಲ್ಲಿ ಎರಡು ರೂಪಾಯಿ ಬದಲು ಚಾಕಲೇಟು. ನಾವು ಅದೇ ಚಾಕಲೇಟನ್ನು ವಾಪಸ್ ಕೊಟ್ಟರೆ ಮಾತ್ರ ದುಡ್ಡಲ್ಲ. ಇನ್ನು 10 ರೂಪಾಯಿಯ ನಾಣ್ಯ. ರಿಸರ್ವ್ ಬ್ಯಾಂಕೇ ‘ನಡೆಯುತ್ತೆ, ನಡೆಯುತ್ತೆ’ ಅಂತ ಮತ್ತೆ ಮತ್ತೆ ಹೇಳಿದರೂ ನಮ್ಮ ಬೀದಿಯ ಅಂಗಡಿ ‘ನಡೆಯಲ್ಲ ಸಾರ್’ ಅಂದರೆ ಮುಗಿಯಿತು.

ಅಂಗಡಿಯವರಿಗೂ ಅವರದೇ ಲೆಕ್ಕ ಇತ್ತು. ಕಾರ್ಡ್ ಮೆಷಿನ್ನಿಗೆ ಬಾಡಿಗೆ, ಮೇಲೆ ನೂರಕ್ಕಿಷ್ಟು ಅಂತ ಕಮಿಷನ್. ಸೊಪ್ಪಿನ ಗಾಡಿಗೆ ಅದು ಎಲ್ಲಿಂದ ಬರಬೇಕು? ಕ್ಯೂಆರ್ ಆದರೆ ಒಂದು ಕಾಗದ. 2020ರ ಜನವರಿಯಿಂದ ಯುಪಿಐಗೆ ಆ ಕಮಿಷನ್ನೂ ಇಲ್ಲ. ಆಮೇಲೆ ‘ನಲವತ್ತು ರೂಪಾಯಿ ಬಂದಿದೆ’ ಅಂತ ಕೂಗುವ ಡಬ್ಬಿ ಬಂತು ನೋಡಿ, ಸೊಪ್ಪು ಕಟ್ಟುತ್ತಿದ್ದ ಅಜ್ಜಿ ತಲೆ ಎತ್ತುವ ಕೆಲಸವೂ ತಪ್ಪಿತು.

ಅಪ್ಪ ಮಾತ್ರ ಜಗ್ಗಲಿಲ್ಲ. ಪೇಪರಿನಲ್ಲಿ ಬರುವ ಆನ್‌ಲೈನ್ ವಂಚನೆಯ ಸುದ್ದಿಯನ್ನೆಲ್ಲ ಕತ್ತರಿಸಿ ಇಟ್ಟಿದ್ದಾರೆ. ‘ಪೆನ್ಶನ್ ಖಾತೆಯನ್ನು ಫೋನಿಗೆ ತೋರಿಸಲ್ಲ ಕಣೋ’ ಅಂದುಬಿಟ್ಟರು, ಫೋನು ದೃಷ್ಟಿ ಹಾಕುತ್ತದೇನೋ ಎಂಬಂತೆ.

ನಾನು ಬುದ್ಧಿವಂತ ಅಲ್ವಾ, ಯುಪಿಐ ಸರ್ಕಲ್ ಹುಡುಕಿದೆ. ನನ್ನ ಖಾತೆಗೆ ಅಪ್ಪನನ್ನು ಸೇರಿಸುವುದು. ಅವರು ಅಂಗಡಿಯಲ್ಲಿ ಸ್ಕ್ಯಾನ್ ಮಾಡುವುದು, ದುಡ್ಡು ನನ್ನ ಖಾತೆಯಿಂದ ಹೋಗುವುದು. ಅದರಲ್ಲಿ ಎರಡು ಬಗೆ. ತಿಂಗಳಿಗಿಷ್ಟು ಅಂತ ಮಿತಿ ಇಟ್ಟು ಬಿಟ್ಟುಬಿಡಬಹುದು. ಇಲ್ಲವೇ ಪ್ರತಿ ಸಲವೂ ನಮ್ಮ ಫೋನಿಗೆ ಕೋರಿಕೆ ಬಂದು, ನಾವು ಪಿನ್ ಒತ್ತಿದರೆ ಮಾತ್ರ ದುಡ್ಡು ಹೋಗುತ್ತದೆ. ಅಪ್ಪನಿಗೆ ಸಕ್ಕರೆ ಕಾಯಿಲೆ. ನಾನು ಎರಡನೆಯದನ್ನು ಆರಿಸಿದೆ. ಅಲ್ಲೇ ಕೆಟ್ಟೆ.

ಮೊದಲ ದಿನ ಮೀಟಿಂಗಿನಲ್ಲಿದ್ದೆ. ಫೋನು ಗುರ್ ಎಂದಿತು. ಅಪ್ಪ 70 ರೂಪಾಯಿ ಕೇಳುತ್ತಿದ್ದಾರೆ! ಸ್ಕೂಲಿನ ಟ್ರಿಪ್ಪಿಗೆ ದುಡ್ಡು ಬೇಕೆಂದು ನಾನು ಇದೇ ಅಪ್ಪನ ಮುಂದೆ ಕಂಬದ ಥರ ನಿಂತದ್ದು ನೆನಪಾಗಿ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ. ಹೊರಗೆ ಬಂದು ಫೋನ್ ಮಾಡಿದೆ.

‘ಏನಪ್ಪಾ ಅದು ಎಪ್ಪತ್ತು ರೂಪಾಯಿ? ಏನೇನು ತಿಂದಿರಿ?’

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ತಟ್ಟೆ, ಲೋಟಗಳ ಸದ್ದು ಮಾತ್ರ. ಆಮೇಲೆ ಫೋನು ಕಟ್. ನಾನು ಪಿನ್ ಒತ್ತುವಷ್ಟರಲ್ಲಿ ಅವರು ಬಿಲ್ ಕೊಟ್ಟಾಗಿತ್ತು. ಎಲ್ಲಿಂದ ಅಂತ ಬೇರೆ ಹೇಳಬೇಕಾಗಿಲ್ಲ. ಹೋಟೆಲಿನಲ್ಲಿದ್ದವರೆಲ್ಲ ನೋಡಿರಬೇಕು.

ಅಮ್ಮನಿಂದ ಶಿಫಾರಸು ಮಾಡಿಸಿದ ಮೇಲೆ ಮತ್ತೆ ಬಳಸಿದರು. ಆದರೆ ದಿನಾ ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಟೀಪಾಯಿ ಮೇಲೆ, ಕನ್ನಡಕದ ಡಬ್ಬಿಯ ಕೆಳಗೆ, ಆ ದಿನದ ಖರ್ಚು ನೋಟು ನಾಣ್ಯದಲ್ಲಿ ಎಣಿಸಿ ಇಟ್ಟಿರುತ್ತಿದ್ದರು. ಕಾಫಿ 20, ವೀಳ್ಯದೆಲೆ 15. ‘ಮಗನ ದುಡ್ಡಲ್ಲಿ ಕಾಫಿ ಕುಡಿಯೋ ಕಾಲ ಇನ್ನೂ ಬಂದಿಲ್ಲ.’ ಒಂದು ಲೋಟ ಕಾಫಿಗೆ ಎರಡು ಬ್ಯಾಂಕು, ಎರಡು ಫೋನು, ಒಂದು ಪಿನ್ನು ದುಡಿದು, ಕೊನೆಗೆ ಬಂದು ನಿಂತದ್ದು ಪಟಾಪಟಿ ಚಡ್ಡಿಗೇ. ತಿಂಗಳು ತುಂಬುವ ಮೊದಲೇ ನಾನೇ ಸರ್ಕಲ್ಲಿನಿಂದ ಅವರ ಹೆಸರು ತೆಗೆದೆ.

ಆಮೇಲೆ ಬಂತು 2025ರ ಜುಲೈ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐಯಲ್ಲಿ ಬಂದ ದುಡ್ಡು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ವರ್ಷಕ್ಕೆ ಸರಕಿನ ವ್ಯಾಪಾರ 40 ಲಕ್ಷ, ಸೇವೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನುವುದು ಲೆಕ್ಕ. ನೋಟಿಸ್ ಬಂದವರು ಹೆದರಿದರು, ಬಾರದವರು ಇನ್ನೂ ಜಾಸ್ತಿ ಹೆದರಿದರು. ಬೆಂಗಳೂರಿನ ಅಂಗಡಿಗಳಲ್ಲಿ ರಾತ್ರೋರಾತ್ರಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡು. ಹಳೆಯ ಬಾಕಿ ವಸೂಲಿ ಮಾಡಲ್ಲ ಅಂತ ಸರ್ಕಾರ ಹೇಳಿದ ಮೇಲೆ ಬೋರ್ಡುಗಳು ಒಂದೊಂದಾಗಿ ಇಳಿದವು. ಆದರೆ ನಾನು ತಟ್ಟೆ ಇಡ್ಲಿ ತಿಂದದ್ದು ಅದಕ್ಕೂ ಮೊದಲು.

ನಮ್ಮ ಬೀದಿಯ ಕೊನೆಯ ತಳ್ಳುಗಾಡಿ. ಮೊದಲು ತಿಂದು ಆಮೇಲೆ ದುಡ್ಡು ಕೊಡುವ ಜಾಗ. ಕೈ ತೊಳೆದು ಫೋನ್ ತೆಗೆದು ನೋಡುತ್ತೇನೆ, ಕ್ಯೂಆರ್ ಇದ್ದ ಕಡೆ ಲಕ್ಷ್ಮಿಯ ಕ್ಯಾಲೆಂಡರ್ ಅಂಟಿಸಿದ್ದಾರೆ. ಕೂಗುವ ಡಬ್ಬಿ ಸೌಟುಗಳ ಪಕ್ಕ ಬಾಯಿ ಮುಚ್ಚಿ ಕೂತಿದೆ.

‘ಕ್ಯಾಶ್ ಕೊಡಿ ಅಣ್ಣ’ ಅಂದರು ಗಾಡಿಯಮ್ಮ.

ಪ್ಯಾಂಟಿನ ನಾಲ್ಕೂ ಜೇಬು ತಡಕಿದೆ. ಒಂದರಲ್ಲಿ ಮೆಟ್ರೋ ಟೋಕನ್ ಸಿಕ್ಕಿತು. ಕೊನೆಗೆ ಅಪ್ಪನಿಗೆ ಫೋನ್ ಮಾಡಿದೆ. ಅವರು ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಿದ್ದರು. ನಿಧಾನವಾಗಿ, ತುಂಬಾ ನಿಧಾನವಾಗಿ ಬಂದರು. ಬಂದವರು ಬೋರ್ಡು ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು.

‘ಎಷ್ಟು?’

‘ಎಪ್ಪತ್ತು.’

‘ಏನೇನು ತಿಂದೆ?’

ಗಾಡಿಯ ಸುತ್ತ ನಿಂತಿದ್ದವರೆಲ್ಲ ತಟ್ಟೆ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ‘ಎರಡು ತಟ್ಟೆ ಇಡ್ಲಿ, ಒಂದು ವಡೆ’ ಅಂತ ಒಪ್ಪಿಸಿದೆ.

ಅಪ್ಪ ಗಾಡಿಗೆ ಬೆನ್ನು ಹಾಕಿ ನಿಂತರು. ಪಂಚೆ ಎತ್ತಿದರು. ರಬ್ಬರ್ ಬ್ಯಾಂಡ್ ಬಿಚ್ಚಿ, 50ರದ್ದು ಒಂದು, 10ರದ್ದು ಎರಡು, ಎಂಜಲು ಹಚ್ಚಿ ಎಣಿಸಿ ಕೊಟ್ಟರು. ಆಮೇಲೆ ಹೊರಡುತ್ತಾ ಹೇಳಿದರು:

‘ಸಂಜೆ ಟೀಪಾಯಿ ಮೇಲೆ ಇಡು. ನೂರರ ನೋಟು ಕೊಡಬೇಡ, ನನ್ನ ಹತ್ರ ಚಿಲ್ಲರೆ ಇಲ್ಲ.’